ರೊಟ್ಟಿಯಿಲ್ಲದೆ ಕಾದ ಒಲೆ

ಎಲ್ಸನ್‌ರೋಡ್
ಭಾನುವಾರ, ೨೦ ನವೆಂಬರ್ ೧೯೭೭

ಪ್ರೀತಿಯ ತಮ್ಮ ಕಿಲಿಯಾನ್‌ಗೆ,

ನಿನ್ನ ಮೊಣಕಾಲು ಹೇಗಿದೆ? ಕೀಲ್ ಪಟ್ಟಣದ ಸಮುದ್ರದ ಗಾಳಿ ಮೂಳೆಗೆ ಒಳ್ಳೆಯದು ಎಂದು ನಿನ್ನ ಮಗಳು ಹೇಳಿದಾಗಲೇ ನನಗೆ ನಂಬಿಕೆಯಿರಲಿಲ್ಲ. ತೇವದ ಗಾಳಿ ಬೀರುವಿನ ಬಾಗಿಲಿಗೇ ಒಳ್ಳೆಯದಲ್ಲ, ಇನ್ನು ಮೂಳೆಗೆ ಹೇಗೆ ಒಳ್ಳೆಯದಾಗುತ್ತದೆ? ಬೆಳಿಗ್ಗೆಯೂ ಮೀನು, ಸಂಜೆಯೂ ಮೀನು ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ಓದಿ ಹೊಗೆ ಹಾಕಿದ ಹಂದಿಮಾಂಸದ ಒಂದು ಕಟ್ಟು ಕಳಿಸಿದ್ದೇನೆ. ಅಳಿಯನ ಕಣ್ಣಿಗೆ ಬೀಳದ ಹಾಗೆ ಇಟ್ಟುಕೋ. ಅವನು ಹೋಳು ಮಾಡಿ ತಿನ್ನುವ ಜಾತಿಯಲ್ಲ, ಕಚ್ಚಿ ತಿನ್ನುವ ಜಾತಿ. ನಿನ್ನ ಎಡ ಕಿವಿ ಇನ್ನೂ ಗುಂಯ್‌ಗುಡುತ್ತದೆಯೇ? ಆ ಕಿವಿಯ ಮಾತು ಈ ಪತ್ರದಲ್ಲೇ ಮುಂದೆ ಬರುತ್ತದೆ, ಅದಕ್ಕಾಗಿ ಕೇಳಿದೆ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ರಾತ್ರಿ ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಬಾಯಿಯಲ್ಲಿ ಮಾತ್ರ ಆಗಸ್ಟ್‌ನಿಂದ ಒಂದು ಕಹಿ ಕೂತಿದೆ, ಅದು ಹೊಟ್ಟೆಯಿಂದ ಬಂದದ್ದಲ್ಲ.

ನಾನು ಬೆಕ್‌ಹೋಫ್ ಮನೆಯ ಯಜಮಾನಿ, ವಾಲ್‌ಬುರ್ಗಾ ಶೆಲ್‌ಹಾರ್ನ್. ಬಾಂಬೆರ್ಗ್‌ನಲ್ಲಿ ಸಂನ್ಯಾಸಿನಿಯರ ಹತ್ತಿರ ಹೈಸ್ಕೂಲು ಓದಿದವಳು. ನನ್ನ ಕಾಲದಲ್ಲಿ ಈ ಊರಿನ ಬೇರೆ ಯಾವ ಹುಡುಗಿಯೂ ಅಷ್ಟು ದೂರ ಹೋಗಿರಲಿಲ್ಲ. ಯುದ್ಧ ಮುಗಿದ ವರ್ಷ ಈ ಊರಿನ ಮೇಯರ್ ಆಗಿದ್ದವರ ಮಗಳು, ಗಡಿಕಲ್ಲು ಕಾಯುವ ಏಳ್ವರಲ್ಲಿ ಒಬ್ಬರಾಗಿದ್ದವರ ಹೆಂಡತಿ, ಈಗಿನ ಮೇಯರನ ತಾಯಿ. ಚರ್ಚಿನ ಮೊದಲ ಬೆಂಚಿನ ತುದಿ ನನ್ನದು, ನಾನು ಕೂರುವ ತನಕ ಪಾದ್ರಿಗಳು ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ಇದೆಲ್ಲ ನಿನಗೆ ಗೊತ್ತಿಲ್ಲದ್ದೇ ಎಂದು ನಗಬೇಡ. ಈ ಮನೆಯೊಳಗೇ ಒಬ್ಬನಿಗೆ ಇದು ಮರೆತುಹೋಗಿತ್ತು. ಅದಕ್ಕೇ ಒಮ್ಮೆ ಕಾಗದದ ಮೇಲೆ ಬರೆದು ನೋಡಿದೆ, ನನಗಾದರೂ ನೆನಪಿರಲಿ ಎಂದು.

ಊರಿನ ಸುದ್ದಿ ನಿನಗೆ ಪತ್ರಿಕೆಯಲ್ಲಿ ಸಿಕ್ಕಿರಲಾರದು, ಅಷ್ಟು ದೊಡ್ಡ ಊರು ನಮ್ಮದಲ್ಲ. ಜನವರಿ ಒಂದನೆಯ ತಾರೀಖಿನಿಂದ ಎಲ್ಸನ್‌ರೋಡ್ ಒಂದು ಊರಾಗಿ ಇರುವುದಿಲ್ಲ. ಹಾಮರ್‌ಫೆಲ್ಡಿಗೆ ಸೇರುತ್ತದೆ. ಕೆಳಗಿನ ಸೇತುವೆಯ ಹತ್ತಿರದ ಹಳದಿ ಫಲಕ ಕಿತ್ತು ಹೊಸದು ಹಾಕುತ್ತಾರಂತೆ. ಅದರಲ್ಲಿ ಹಾಮರ್‌ಫೆಲ್ಡ್ ದಪ್ಪ ಅಕ್ಷರದಲ್ಲಿ, ಅದರ ಕೆಳಗೆ ಅಡಿಟಿಪ್ಪಣಿಯ ಹಾಗೆ ನಮ್ಮ ಹೆಸರು. ಮ್ಯೂನಿಕ್‌ನಲ್ಲಿ ಕೂತವರು ನಕ್ಷೆ ನೋಡಿ, ಇಷ್ಟು ಸಣ್ಣ ಊರುಗಳು ಯಾಕಪ್ಪಾ, ಎರಡೆರಡು ಸೇರಿಸಿ ಒಂದು ಮಾಡಿ ಅಂದರಂತೆ. ಗುಂಡಿ ಉದುರಿದ ಹಳೆಯ ಅಂಗಿಗಳನ್ನು ಕತ್ತರಿಸಿ ನೆಲ ಒರೆಸುವ ಬಟ್ಟೆ ಹೊಲಿದ ಹಾಗೆ.

ಆ ನಕ್ಷೆ ನೋಡಿದವರು ಈ ಕಣಿವೆಯಲ್ಲಿ ಒಂದು ದಿನ ನಡೆದಿದ್ದರೆ ಅರ್ಥವಾಗುತ್ತಿತ್ತು. ಎರಡು ಗುಡ್ಡ, ನಡುವೆ ಒಂದು ತೊರೆ. ಮೇಲೆ ಕಾಡಿನಂಚಿನಲ್ಲಿ ಊರಿನ ಬುಗ್ಗೆ, ಅದರ ಕೆಳಗೆ ನಮ್ಮ ಹುಲ್ಲುಗಾವಲು, ಅದರ ಕೆಳಗೆ ಊರು. ಕಣಿವೆ ಬಾಯಿ ಬಿಡುವ ಜಾಗದಲ್ಲಿ ಹಾಮರ್‌ಫೆಲ್ಡ್. ಅವರಿಗೆ ಬಯಲಿದೆ, ರೈಲಿದೆ, ಕಬ್ಬಿಣ ಬಡಿದು ಕೂಡಿಟ್ಟ ಹಣವಿದೆ, ಕುಡಿಯುವ ನೀರಿಲ್ಲ. ಅವರ ಬಾವಿಯ ನೀರು ತುಕ್ಕಿನ ರುಚಿ, ಅದರಲ್ಲಿ ಮಾಡಿದ ಕಾಫಿ ಕುದುರೆಯ ಲಾಳ ಕುದಿಸಿದ ಹಾಗಿರುತ್ತದೆ. ಅಜ್ಜನ ಕಾಲದಿಂದಲೂ ಅವರ ಕಣ್ಣು ನಮ್ಮ ಬುಗ್ಗೆಯ ಮೇಲಿದೆ. ಈಗ ಊರೇ ಅವರದಾದರೆ ಊರಿನ ಬುಗ್ಗೆಯೂ ಅವರದು. ಇದಕ್ಕೆ ಸುಧಾರಣೆ ಎಂದು ಹೆಸರು.

ನನಗೆ ಹೇಸಿಗೆ ಹುಟ್ಟಿಸುವುದು ಮ್ಯೂನಿಕ್‌ನವರಲ್ಲ. ಈ ಊರಿನ ಮೇಲೆ ಯಜಮಾನಿಕೆ ಮಾಡಲು ಬಂದವರೆಲ್ಲ ಹೀಗೇ ಬಂದದ್ದು. ತೊರೆಯ ಎಡದಂಡೆ ಬಿಷಪ್ಪನದು, ಬಲದಂಡೆ ಆ ಕುಡುಕ ಜಹಗೀರುದಾರನದು ಆಗಿದ್ದ ಕಾಲದಲ್ಲಿ ಎಡದಂಡೆಯ ಹೆಣವನ್ನು ಬಲದಂಡೆಯ ದಾರಿಯಲ್ಲಿ ಒಯ್ಯುವುದಕ್ಕೂ ಸುಂಕವಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಫ್ರೆಂಚರು ಬಂದು ಬಿಷಪ್ಪನನ್ನೂ ಜಹಗೀರುದಾರನನ್ನೂ ಒಂದೇ ಪೊರಕೆಯಲ್ಲಿ ಗುಡಿಸಿಹಾಕಿದರು, ಆಮೇಲೆ ಬವೇರಿಯಾದ ರಾಜ ಬಂದ, ಎರಡು ದಂಡೆಗೂ ಸೇರಿ ಒಬ್ಬ ಮೇಯರ್ ಇರಲಿ ಅಂದ. ಕ್ಯಾಥೊಲಿಕರೂ ಲೂಥರನವರೂ ಒಬ್ಬ ಮೇಯರನನ್ನು ಆರಿಸಲು ಮೂರು ಸಲ ಹೊಡೆದಾಡಿದರಂತೆ. ನಾವು ಕಣ್ಣಾರೆ ಕಂಡದ್ದು ನಾಜಿ ಪಕ್ಷದ ಕಂದು ಅಂಗಿಯವರನ್ನು. ರಾತ್ರೋರಾತ್ರಿ ಮೇಯರನಾದ ಆ ಚಪ್ಪಲಿ ಅಂಗಡಿಯವನು ಬುಗ್ಗೆಯ ಹತ್ತಿರ ಹುಡುಗರಿಗೆ ಈಜುಕೊಳ ಮಾಡಬೇಕು, ಗಡಿಕಲ್ಲು ಸರಿಸಿ ಎಂದು ಹೇಳಿಕಳಿಸಿದ್ದು ನೆನಪಿದೆಯಲ್ಲ? ಅಪ್ಪ ಏಳ್ವರ ಹಿರಿಯ. ಅಂಗಳದಲ್ಲಿ ನಿಂತುಕೊಂಡೇ, "ಕಲ್ಲು ನಿನ್ನ ಪಕ್ಷ ಸೇರಿಲ್ಲ ಕಣಯ್ಯ" ಅಂದರು. ಆರು ತಿಂಗಳು ಅವರ ಮೇಲೆ ಕಣ್ಣಿಟ್ಟಿದ್ದರು, ಅಮ್ಮ ದಿನಾ ರಾತ್ರಿ ಅವರ ಬಟ್ಟೆಯ ಗಂಟು ಕಟ್ಟಿ ಬಾಗಿಲ ಹತ್ತಿರ ಇಡುತ್ತಿದ್ದಳು. ಅಮೆರಿಕದವರು ಜೀಪಿನಲ್ಲಿ ಬಂದು ಪಕ್ಷಕ್ಕೆ ಸೇರದೆ ಉಳಿದವರು ಯಾರಿದ್ದೀರಿ ಎಂದು ಕೇಳಿದಾಗ ಊರೆಲ್ಲ ಅಪ್ಪನ ಕಡೆ ಬೆರಳು ತೋರಿಸಿತು. ಹಿಂದಿನ ದಿನದ ತನಕ ಅವರ ಕಡೆ ನೋಡಲೂ ಹೆದರುತ್ತಿದ್ದ ಬೆರಳುಗಳು ಅವು. ಇಷ್ಟೆಲ್ಲ ಬಾವುಟ ಏರಿ ಇಳಿದರೂ ಊರಿನ ಬುಗ್ಗೆಯನ್ನೂ ನಮ್ಮ ಹುಲ್ಲುಗಾವಲನ್ನೂ ಬೇರೆ ಮಾಡುವ ಆ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ. ಬಿಷಪ್ಪನೂ ಮುಟ್ಟಲಿಲ್ಲ, ಆ ಚಪ್ಪಲಿಯವನೂ ಮುಟ್ಟಲಿಲ್ಲ.

ಈಗ ಕೇಳು. ಹಾಮರ್‌ಫೆಲ್ಡಿಗೆ ಸೇರುವುದು ಬೇಡ ಎಂದು ಊರಿನ ಸಭೆಯಲ್ಲಿ ಹೆಚ್ಚಿನವರು ಕೈಯೆತ್ತಿದರು. ನಾನೂ ಎತ್ತಿದೆ, ಮೇಯರನ ಎದುರಿಗೇ. ನನ್ನ ಮಗ ಲೊರೆನ್ಸ್ ಎಲ್ಲರಿಗೂ ಧನ್ಯವಾದ ಹೇಳಿ, ಮುಂದಿನ ವಾರ ಒಪ್ಪಂದಕ್ಕೆ ಸಹಿ ಹಾಕಿ ಬಂದ. ಒಪ್ಪದಿದ್ದರೆ ಬಲವಂತವಾಗಿ ಸೇರಿಸುತ್ತಾರೆ, ಈಗ ಒಪ್ಪಿದರೆ ಅಗ್ನಿಶಾಮಕದವರಿಗೆ ಹೊಸ ಮನೆ ಸಿಗುತ್ತದೆ ಎಂದು ಸಮಜಾಯಿಷಿ ಕೊಟ್ಟ. ಇಷ್ಟಕ್ಕೆ ನಾನು ಅವನನ್ನು ಬಿಟ್ಟುಬಿಡುತ್ತಿದ್ದೆ, ಗಾಳಿಗೆ ಬಾಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆದರೆ ಹೊಸ ಊರಿನಲ್ಲಿ ಅವನು ಉಪಮೇಯರ್ ಎಂದು ಅದೇ ಒಪ್ಪಂದದ ಜೊತೆ ತೀರ್ಮಾನವಾಗಿತ್ತು. ಅದನ್ನು ನನಗೆ ಹೇಳಿದ್ದು ಅವನಲ್ಲ, ಹೆಂಡದಂಗಡಿಯ ಗಾಂಗೋಲ್ಫ್. ಅವನ ಬಾಯಿ ನಿನಗೆ ಗೊತ್ತು. "ವಾಲ್‌ಬುರ್ಗಾ, ನಿನ್ ಮಗ ಕುದುರೆ ಮಾರಿ ಗಾಡಿ ಮೇಲೆ ಸೀಟು ತಗೊಂಡ" ಅಂದ. ಇಡೀ ಅಂಗಡಿ ನಕ್ಕಿತು. ನಾನು ಕೊಂಡದ್ದಕ್ಕೆ ಕಾಸು ಕೊಟ್ಟು ನೆಟ್ಟಗೆ ನಡೆದು ಬಂದೆ.

ಇನ್ನು ಒಲೆಯ ಮಾತು. ಅಂಗಳದ ದೊಡ್ಡ ಒಲೆ ಯಾವಾಗ ಕಾಯುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಶನಿವಾರ ರೊಟ್ಟಿಗೆ ಕಾಯುತ್ತದೆ. ಶರತ್ಕಾಲದಲ್ಲಿ ಪ್ಲಮ್ ಒಣಗಿಸಲು ಕಾಯುತ್ತದೆ. ಇವೆರಡೂ ಅಲ್ಲದೆ ಕಾದರೆ ಅದು ಏಳ್ವರಿಗಾಗಿ. ಕಲ್ಲನ್ನು ಯಾರೂ ಸರಿಸಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅದರ ಕೆಳಗೆ ಏಳ್ವರಾದ ನೀವು ಹೂಳುವ ಮಣ್ಣಿನ ಗುರುತು ನಮ್ಮ ಒಲೆಯಲ್ಲೇ ಸುಡಬೇಕು, ಅದು ಸುಡುವ ತನಕ ಮನೆಯ ಹೆಂಗಸರು ಬೆನ್ನು ತಿರುಗಿಸಿ ಕೂರಬೇಕು. ಅಮ್ಮ ಕೂತಳು, ಮದುವೆಯಾದಾಗಿನಿಂದ ನಾನೂ ಕೂತಿದ್ದೇನೆ, ಗೋಡೆಯ ಕಡೆ ಮುಖ ಮಾಡಿ, ಕೈಯಲ್ಲಿ ಹೆಣಿಗೆ ಹಿಡಿದು. ಆ ಗುರುತು ದುಂಡಗಿರುತ್ತದೋ ಚೌಕವಾಗಿರುತ್ತದೋ, ಎಷ್ಟಿಡುತ್ತೀರೋ, ಯಾವ ಕಡೆ ಮುಖ ಮಾಡಿ ಇಡುತ್ತೀರೋ, ಆ ಒಲೆಯ ಯಜಮಾನಿಯಾದ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನಮ್ಮ ಯಜಮಾನರು ಒಟ್‌ಮಾರ್ ಸತ್ತ ಮೇಲೆ ಅವರ ಜಾಗಕ್ಕೆ ಲೊರೆನ್ಸ್ ಬಂದಾಗ ಅವನ ಕಿವಿಯಲ್ಲಿ ಆ ಗುಟ್ಟು ಉಸುರಿದವನು ನೀನು. ಅವತ್ತು ಆಣೆಯಿಟ್ಟು ಚರ್ಚಿನಿಂದ ಹೊರಗೆ ಬಂದಾಗ ಅವನ ಮುಖ ಹಾಲಿನ ಹಾಗೆ ಬಿಳಿಚಿಕೊಂಡಿತ್ತು. ಹುಡುಗ ಹೆದರಿದ್ದಾನೆ, ಒಳ್ಳೆಯದಾಯಿತು ಎಂದು ನಾವಿಬ್ಬರೂ ಅಂದುಕೊಂಡೆವು.

ಆಗಸ್ಟ್‌ನಲ್ಲಿ ಮಾತೆ ಮರಿಯಳ ಹಬ್ಬಕ್ಕೆ ನಾನು ಹದಿನಾಲ್ಕು ಸಂತರ ಯಾತ್ರೆಗೆ ಹೋಗಿದ್ದೆ. ಸೋಮವಾರ ಸಂಜೆ ಬಸ್ಸಿನಿಂದ ಇಳಿದು ಅಂಗಳಕ್ಕೆ ಬಂದಾಗ ಒಲೆಯ ಬೆನ್ನು ಮುಟ್ಟಿದೆ. ನನಗದು ಅಭ್ಯಾಸ, ಬೆಕ್ಕು ಸವರಿದ ಹಾಗೆ. ಬೆಚ್ಚಗಿತ್ತು. ರೊಟ್ಟಿಯ ವಾಸನೆಯಿಲ್ಲ, ಹಿಟ್ಟಿನ ಧೂಳಿಲ್ಲ, ಬೂದಿ ಎಷ್ಟು ಚೊಕ್ಕವಾಗಿ ಗುಡಿಸಿತ್ತೆಂದರೆ ಗಂಡಸೇ ಗುಡಿಸಿರಬೇಕು. ಸೊಸೆ ಹೆಡ್‌ವಿಗ್‌ಳನ್ನು ಕೇಳಿದೆ. ಪ್ಲಮ್ ಒಣಗಿಸಿದೆ ಅತ್ತೆ, ಅಂದಳು. ಕಿಟಕಿಯಾಚೆ ಪ್ಲಮ್ ಗಿಡ ನಿಂತಿತ್ತು, ಕಾಯಿ ಇನ್ನೂ ಹುಲ್ಲಿನಷ್ಟು ಹಸಿರು. ನಾನೂ ಆ ಗಿಡ ನೋಡಿದೆ, ಅವಳೂ ನೋಡಿದಳು, ಆಮೇಲೆ ಇಬ್ಬರೂ ಬೇರೆ ಮಾತಾಡಿದೆವು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಗಂಡನಿಗಾಗಿ ಸುಳ್ಳು ಹೇಳಿದಳು, ಅದರಲ್ಲೂ ಚೆನ್ನಾಗಿ ಹೇಳಲು ಬರಲಿಲ್ಲ. ಅದು ಅವಳ ತವರಿನವರಿಗೆ ಗೌರವ.

ಸರಿ, ಏಳ್ವರಿಗಾಗಿ ಒಲೆ ಕಾದಿದೆ ಎಂದರೆ ಏಳ್ವರು ಊಟಕ್ಕೆ ಬರಬೇಕು. ಕಲ್ಲು ನೆಟ್ಟು, ಕೈಗೆ ಮಣ್ಣು ಮೆತ್ತಿಕೊಂಡೇ ನಮ್ಮ ಮೇಜಿಗೆ ಬರುವುದು, ಆಲೂಗಡ್ಡೆ ಉಂಡೆ, ಹುಳಿ ಎಲೆಕೋಸು, ಹೊಗೆಯ ಮಾಂಸ ತಿಂದು ಹೋಗುವುದು, ಅದು ಇವತ್ತಿನದಲ್ಲ. ಊಟವಿಲ್ಲದೆ ನೆಟ್ಟ ಕಲ್ಲು ಈ ಊರಿನಲ್ಲಿಲ್ಲ. ಕ್ಷಾಮದ ವರ್ಷ ಟರ್ನಿಪ್ ಗೆಡ್ಡೆ ಬೇಯಿಸಿ ಹಾಕಿದ್ದಳು ಅಮ್ಮ, ಆದರೂ ಹಾಕಿದ್ದಳು. ಯಾತ್ರೆಗೆ ಹೋದವಳು ಬರಲಿ ಎಂದು ಕಾದಿರಬಹುದು ಎಂದುಕೊಂಡೆ. ಹೊಗೆಗೂಡಿನಿಂದ ಮಾಂಸ ಇಳಿಸಿ ಇಟ್ಟೆ. ಒಂದು ಶನಿವಾರ ಹೋಯಿತು, ಇನ್ನೊಂದು ಹೋಯಿತು. ಯಾರೂ ಬರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕಮ್ಮಾರ ಬಾಲ್ತಸಾರ್ ಸಿಕ್ಕಿದ. ಈಗ ಏಳ್ವರಿಗೆ ಅವನೇ ಹಿರಿಯ, ಕಿವಿ ಮೊದಲಿಗಿಂತ ಮಂದ. ಕಡೆಯ ಸಲ ಯಾವಾಗ ನಮ್ಮಲ್ಲಿ ಊಟ ಮಾಡಿದೆ ಎಂದು ಜೋರಾಗಿ ಕೇಳಿದೆ. ಹೋದ ವರ್ಷದ ಈಸ್ಟರ್ ಆದಮೇಲೆ, ಗಿರಣಿಯ ಕಲ್ಲು ನೆಟ್ಟಾಗ, ಎಲೆಕೋಸಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು ಅಂದ. ಉಪ್ಪು ಸರಿಯಾಗಿತ್ತು. ಆದರೆ ನನಗೆ ಬೇಕಾದ ಉತ್ತರ ಸಿಕ್ಕಿತು.

ಒಬ್ಬನೇ ಒಲೆ ಕಾಯಿಸಿದ್ದಾನೆ. ಗುಟ್ಟು ಗೊತ್ತಿದ್ದವನು, ಗುರುತು ಮಾಡಲು ಬರುವವನು, ಗುದ್ದಲಿ ಎಲ್ಲಿದೆ ಎಂದು ತಿಳಿದವನು, ಊಟ ಮಾತ್ರ ಮರೆತಿದ್ದಾನೆ. ಹುಟ್ಟಿದಾಗಿನಿಂದ ಆ ಊಟದ ವಾಸನೆಯಲ್ಲಿ ಬೆಳೆದವನು, ಅದನ್ನು ಹೆಂಗಸರ ಅಡುಗೆ ಕೆಲಸ ಎಂದುಕೊಂಡುಬಿಟ್ಟಿದ್ದಾನೆ.

ಸರಿಸಿದರೆ ಲಾಭ ಬರುವ ಕಲ್ಲು ಈ ಊರಿನಲ್ಲಿ ಒಂದೇ, ಕೋಲು ತೆಗೆದುಕೊಂಡು ಬುಗ್ಗೆಗೆ ಹತ್ತಿದೆ. ದಾರಿಯಲ್ಲಿ ಎರಡು ಸಲ ಕೂತೆ, ಅದನ್ನು ಯಾರಿಗೂ ಹೇಳಬೇಡ. ಈಗ ನಿನ್ನ ಕಿವಿಯ ಮಾತು. ನೀನು ಏಳು ವರ್ಷದವನು, ನಾನು ಹತ್ತರವಳು. ಊರಿನ ಗಡಿ ಸುತ್ತುವ ದಿನ ಹುಡುಗರನ್ನೆಲ್ಲ ಕರೆದುಕೊಂಡು ಹೋಗಿ ಒಂದೊಂದು ಕಲ್ಲಿನ ಹತ್ತಿರ ಒಬ್ಬೊಬ್ಬನಿಗೆ ಕಪಾಳಕ್ಕೆ ಬಿಗಿಯುತ್ತಿದ್ದರು, ಸಾಯುವ ತನಕ ಆ ಜಾಗ ನೆನಪಿರಲಿ ಎಂದು. ಬುಗ್ಗೆಯ ಕಲ್ಲು ನಿನ್ನ ಪಾಲಿಗೆ ಬಂತು. ಅಪ್ಪ ಎಂಥ ಏಟು ಕೊಟ್ಟರೆಂದರೆ ನಿನ್ನ ಟೋಪಿ ಹಾರಿ ಬುಗ್ಗೆಯ ಕಲ್ಲುತೊಟ್ಟಿಯೊಳಗೆ ಬಿತ್ತು. ನೀನು ಅಳಲಿಲ್ಲ, ಟೋಪಿ ತೇಲುವುದನ್ನು ನೋಡುತ್ತ ನಿಂತಿದ್ದೆ. ಹೆಣ್ಣುಮಕ್ಕಳು ದೂರ ನಿಲ್ಲಬೇಕಿತ್ತು, ಆದರೂ ನಾನೇ ಓಡಿಹೋಗಿ ಅದನ್ನು ಎತ್ತಿ, ಹಿಂಡಿ, ನಿನ್ನ ತಲೆಗೆ ಇಟ್ಟೆ. ಮನೆಗೆ ಬಂದಮೇಲೆ ಅದಕ್ಕೆ ನನಗೂ ಒಂದು ಬಿತ್ತು. ಈಗ ಆ ಕಲ್ಲಿನ ಹತ್ತಿರ ನಿಂತು ನೋಡಿದೆ. ತೊಟ್ಟಿ ಅಲ್ಲೇ ಇದೆ. ಕಲ್ಲು ಇಲ್ಲಿದೆ. ಇಲ್ಲಿಂದ ಅಲ್ಲಿಗೆ ಟೋಪಿ ಹಾರಬೇಕಾದರೆ ಅಪ್ಪ ನಿನಗೆ ಫಿರಂಗಿಯಿಂದ ಹೊಡೆದಿರಬೇಕು. ಕಲ್ಲು ಮೇಲಕ್ಕೆ, ಕಾಡಿನ ಕಡೆಗೆ ಹೋಗಿದೆ. ಬುಗ್ಗೆ, ತೊಟ್ಟಿ, ಆ ಹಳೆಯ ಆಲ್ಡರ್ ಮರ, ಎಲ್ಲವೂ ಈಗ ನಮ್ಮ ಹುಲ್ಲುಗಾವಲಿನ ಒಳಗೆ. ಸುತ್ತಲೂ ಹುಲ್ಲಿನ ಹೆಂಟೆ ತಂದು ಎಷ್ಟು ಜಾಣತನದಿಂದ ಮುಚ್ಚಿದ್ದಾನೆ ಎಂದರೆ ಅಂಚು ಹುಡುಕಲು ಕೋಲಿನಿಂದ ಚುಚ್ಚಿ ನೋಡಬೇಕಾಯಿತು. ಒಳ್ಳೆಯ ಕೆಲಸಗಾರ ನನ್ನ ಮಗ, ಅದನ್ನು ನಾನೇ ಕಲಿಸಿದ್ದು.

ರಾತ್ರಿ ಊಟದ ಮೇಜಿನಲ್ಲಿ ಕೇಳಿದೆ. ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದೆ. ಅಲ್ಲಗಳೆದಿದ್ದರೆ ಸ್ವಲ್ಪ ಗೌರವ ಉಳಿಯುತ್ತಿತ್ತು. ಅವನು ನಕ್ಕ, ಕಿಲಿಯಾನ್. ರೊಟ್ಟಿಗೆ ಬೆಣ್ಣೆ ಸವರುತ್ತಲೇ ಹೇಳಿದ. "ಅಮ್ಮಾ, ಜನವರಿಗೆ ಊರೇ ಇರಲ್ಲ. ಇಲ್ಲದ ಊರಿನ ಗಡಿ ಎಲ್ಲಿದ್ರೆ ಏನು?" ಹಾಮರ್‌ಫೆಲ್ಡಿನವರು ಹೇಗೂ ನೀರು ತೆಗೆದುಕೊಳ್ಳುತ್ತಾರೆ, ಆ ನೀರು ನಮ್ಮ ನೆಲದಲ್ಲಿದ್ದರೆ ನಮ್ಮನ್ನು ಕೇಳಿ ತೆಗೆದುಕೊಳ್ಳಬೇಕು, ಅದಕ್ಕೆ ಬೆಲೆ ಕೊಡಬೇಕು, ಊರಿಗೂ ಒಳ್ಳೆಯದು, ಮನೆಗೂ ಒಳ್ಳೆಯದು ಎಂದು ವಿವರಿಸಿದ. ಯಾರಿಗೂ ಗೊತ್ತಾಗುವುದಿಲ್ಲ, ಅಗೆದು ನೋಡಿದರೂ ಕೆಳಗೆ ಗುರುತು ಸರಿಯಾಗಿಯೇ ಇದೆ ಎಂದು ಧೈರ್ಯ ಬೇರೆ ಹೇಳಿದ, ನನಗೆ. ಇದೆಲ್ಲ ನಿನಗೋಸ್ಕರವೇ ಅಮ್ಮಾ, ಅಂದ. ಆ ಮಾತಿಗೆ ನನ್ನ ಕೈಯಲ್ಲಿದ್ದ ಸೂಪಿನ ಚಮಚ ಕೆಳಗಿಟ್ಟೆ. ಹಂದಿಯ ಗೂಡು ತೊಳೆದಿದ್ದೇನೆ, ಯುದ್ಧದಲ್ಲಿ ಗಾಯಾಳುಗಳ ಬಟ್ಟೆ ಒಗೆದಿದ್ದೇನೆ, ಯಾವತ್ತೂ ಅಷ್ಟು ಹೇಸಿಗೆಯಾಗಿರಲಿಲ್ಲ. ಬಿಷಪ್ಪ ಕದ್ದ, ಜಹಗೀರುದಾರ ಕದ್ದ, ಅವರು ಹೊರಗಿನವರು, ಬಲ ಇದ್ದವರು, ಬಾಗಿಲು ಒದ್ದು ಬಂದರು. ಇವನು ಆಣೆಯಿಟ್ಟವನು. ಆಣೆಯ ಕೈಯಿಂದಲೇ ಕದ್ದ, ಅದನ್ನು ಊರಿನ ಉಪಕಾರ ಎಂದು ಕರೆದ. ಕಲ್ಲು ವಾಪಸು ಇಡು ಅಂದೆ. ಅಮ್ಮಾ, ಕಾಲ ಬದಲಾಗಿದೆ, ಅಂದ. ನಾನು ಮುಂದೆ ಮಾತಾಡಲಿಲ್ಲ. ಮಾತಾಡಲಿಲ್ಲ ಎಂದರೆ ಒಪ್ಪಿದಳು ಎಂದು ತಿಳಿಯುವಷ್ಟು ಅವನು ನನ್ನನ್ನು ಮರೆತಿದ್ದ.

ಎರಡು ತಿಂಗಳಿಗೂ ಮೇಲೆ ಕಾದೆ, ಅವನೇ ಮಾಡಲಿ ಎಂದು. ಪ್ರತಿ ಭಾನುವಾರ ಚರ್ಚಿನಲ್ಲಿ ಅವನು ಪ್ರಸಾದಕ್ಕೆ ಬಾಯಿ ತೆರೆಯುವುದನ್ನು ಮೊದಲ ಬೆಂಚಿನಿಂದ ನೋಡಿದೆ. ನವೆಂಬರ್ ಬಂತು. ಸಂತ ಮಾರ್ಟಿನ್ನನ ಹಬ್ಬ ಶುಕ್ರವಾರ ಬಿತ್ತು, ಶುಕ್ರವಾರ ಮಾಂಸ ಬೇಯಿಸುವ ಮನೆ ನಮ್ಮದಲ್ಲ, ಆದ್ದರಿಂದ ಮರುದಿನ ಶನಿವಾರ ಮಧ್ಯಾಹ್ನಕ್ಕೆ ಏಳ್ವರಲ್ಲಿ ಲೊರೆನ್ಸ್ ಬಿಟ್ಟು, ಗಾಂಗೋಲ್ಫ್ ಸೇರಿ, ಉಳಿದ ಆರು ಜನಕ್ಕೂ ಊಟಕ್ಕೆ ಹೇಳಿಕಳಿಸಿದೆ. ಯಾಕೆ ಎಂದು ಹೇಳಲಿಲ್ಲ. ಬೆಳಿಗ್ಗೆಯೇ ಎದ್ದು ಆಲೂಗಡ್ಡೆ ತುರಿದೆ. ಹೆಡ್‌ವಿಗ್ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತು ಉಂಡೆ ಕಟ್ಟಿದಳು. ಅವಳು ಕಟ್ಟಿದ ಉಂಡೆ ಒಂದೂ ಒಡೆಯಲಿಲ್ಲ, ಅದನ್ನೂ ಬರೆಯಬೇಕು. ದೊಡ್ಡ ಮೇಜಿಗೆ ಬಿಳಿ ಬಟ್ಟೆ ಹಾಸಿ ಏಳು ತಟ್ಟೆ ಇಟ್ಟೆ. ಆರು ಜನ ಬಂದು ಕೂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೊರೆನ್ಸ್ ಹಾಮರ್‌ಫೆಲ್ಡಿನ ಸಭೆ ಮುಗಿಸಿ ಒಳಗೆ ಬಂದ. ಆರು ಜನರನ್ನೂ, ಏಳನೆಯ ತಟ್ಟೆಯನ್ನೂ ನೋಡಿ ಬಾಗಿಲಲ್ಲೇ ನಿಂತ. ಕೋಟು ಬಿಚ್ಚಲಿಲ್ಲ.

ಎಲೆಕೋಸಿನ ಪಾತ್ರೆ ಮೇಜಿಗೆ ಬಂದಾಗ ಬಾಲ್ತಸಾರ್ ತಲೆಯೆತ್ತಿ ಕೇಳಿದ: "ಏನಮ್ಮಾ ವಾಲ್‌ಬುರ್ಗಾ, ಯಾವ ಕಲ್ಲು ನೆಟ್ಟಿದೀವಿ ಅಂತ ಈ ಊಟ?"

ಅದು ನಾನು ಹೇಳುವ ಮಾತಲ್ಲ. ಒಲೆ ಆಗಸ್ಟ್‌ನಲ್ಲಿ ಕಾದಿತ್ತು, ಊಟ ಬಾಕಿ ಇತ್ತು, ಬಡಿಸುತ್ತಿದ್ದೇನೆ ಎಂದಷ್ಟೇ ಹೇಳಿದೆ. ಆಮೇಲೆ ಉಂಡೆ ಬಡಿಸಿದೆ, ಒಬ್ಬೊಬ್ಬರಿಗೆ ಎರಡು. ಯಾರೂ ಮುಟ್ಟಲಿಲ್ಲ. ಆರು ಜನ ಮುದುಕರ ಮುಖದಲ್ಲಿ ಅದು ಒಂದೊಂದಾಗಿ ಅರ್ಥವಾಗುತ್ತ ಹೋಯಿತು, ಬಾಲ್ತಸಾರನಿಗೆ ಎಲ್ಲರಿಗಿಂತ ಕೊನೆಗೆ, ಯಾಕೆಂದರೆ ಗಾಂಗೋಲ್ಫ್ ಅವನ ಕಿವಿಯ ಹತ್ತಿರ ಎರಡು ಸಲ ಕೂಗಬೇಕಾಯಿತು. ಲೊರೆನ್ಸ್ ಆಗ ಹೇಳಿದ. ನಿಂತುಕೊಂಡೇ, ನೆಲ ನೋಡುತ್ತ, ಬುಗ್ಗೆಯ ಕಲ್ಲು ಎಂದು. ಊರಿಗಾಗಿ ಮಾಡಿದೆ ಎಂದೂ ಸೇರಿಸಿದ.

ನಿನಗೆ ಸುಳ್ಳು ಬರೆಯುವುದಿಲ್ಲ. ಆ ಮೇಜಿನ ಸುತ್ತ ಎಲ್ಲರೂ ಒಮ್ಮೆಲೇ ಸಿಡಿದೇಳಲಿಲ್ಲ. ಗಾಂಗೋಲ್ಫ್ ಫೋರ್ಕಿನಿಂದ ಉಂಡೆಯನ್ನು ಅತ್ತಿತ್ತ ಹೊರಳಿಸುತ್ತ, ತಪ್ಪು ತಪ್ಪೇ, ಆದರೆ ವಾಲ್‌ಬುರ್ಗಾ, ಅಂದ. "ಕಲ್ಲು ಈಗಿರೋ ಕಡೆನೇ ಇದ್ರೆ ನೀರಾದ್ರೂ ನಮ್ಮೂರಲ್ಲಿ ಉಳಿಯುತ್ತಲ್ಲ?" ಇಬ್ಬರು ತಲೆಯಾಡಿಸಿದರು. ಅದು ನಿಜವಾದ ಮಾತೇ. ಕಲ್ಲನ್ನು ಹಳೆಯ ಜಾಗಕ್ಕೆ ಇಟ್ಟ ದಿನವೇ ಬುಗ್ಗೆ ಮತ್ತೆ ಊರಿನದು, ಜನವರಿಯಿಂದ ಹಾಮರ್‌ಫೆಲ್ಡಿನದು. ನಾವು ಸರಿಯಾಗಿ ನಡೆದುಕೊಂಡರೆ ನಮ್ಮ ಮಕ್ಕಳು ಕುಡಿಯುವ ನೀರಿಗೆ ಆ ತುಕ್ಕು ತಿನ್ನುವವರ ಹತ್ತಿರ ಕೈಚಾಚಬೇಕು. ಲೊರೆನ್ಸ್‌ನ ಕಣ್ಣಿನಲ್ಲಿ ಆ ಕ್ಷಣ ಒಂದು ಬೆಳಕು ಬಂತು. ಅಲ್ಲಿಗೇ ನನಗೆ ತಡೆಯಲಾಗಲಿಲ್ಲ. "ನಮ್ಮೂರಲ್ಲಿ ಅಲ್ಲ ಕಣೋ ಗಾಂಗೋಲ್ಫ್, ನಮ್ಮ ಮನೇಲಿ. ನಾಳೆ ನೀನು ನೀರಿಗೆ ನನ್ನ ಬಾಗಿಲಿಗೆ ಬರಬೇಕು. ಬರ್ತೀಯಾ?" ಅಂದೆ. ಅವನು ಫೋರ್ಕು ಕೆಳಗಿಟ್ಟ. ಬೆಕ್‌ಹೋಫ್ ಬಾಗಿಲಿಗೆ ಬೇಡಲು ಬರುವುದಕ್ಕಿಂತ ಗಾಂಗೋಲ್ಫ್ ತನ್ನ ಪೀಪಾಯಿಯ ಬಿಯರಿನಲ್ಲೇ ಮುಖ ತೊಳೆದುಕೊಳ್ಳುವವನು.

ಆಮೇಲೆ ಬಾಲ್ತಸಾರ್ ಎದ್ದ. ಅಪ್ಪ ಸತ್ತ ವರ್ಷದ ಊಟದಲ್ಲಿ ನೀವು ಅವರ ತಟ್ಟೆ ಬೋರಲು ಹಾಕಿದಿರಿ, ಒಟ್‌ಮಾರ್ ಸತ್ತಾಗ ಅವರದನ್ನೂ ಹಾಕಿದಿರಿ. ಬಾಲ್ತಸಾರ್ ಮೇಜಿನ ಸುತ್ತ ನಿಧಾನವಾಗಿ ನಡೆದು ಬಂದು, ಲೊರೆನ್ಸ್ ಕೂರದೆ ಉಳಿದಿದ್ದ ಕುರ್ಚಿಯ ಮುಂದಿನ ತಟ್ಟೆ ಎತ್ತಿ, ಬೋರಲು ಹಾಕಿದ. ಬದುಕಿದ್ದವನ ಮುಂದೆ. ಆ ಸದ್ದು ಸಣ್ಣದು, ಪಿಂಗಾಣಿ ಬಟ್ಟೆಯ ಮೇಲೆ ಬಿದ್ದ ಸದ್ದು. ಹೆಡ್‌ವಿಗ್ ಅಡುಗೆಮನೆಗೆ ಹೋದಳು. ನಾನು ನಿಂತಲ್ಲೇ ನಿಂತೆ, ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಆದರೂ ನಿಂತೆ. ಆಮೇಲೆ ಆರು ಜನವೂ ಊಟ ಮಾಡಿದರು. ಬಡಿಸಿದ್ದನ್ನು ಬಿಡಲಿಲ್ಲ. ಬಾಲ್ತಸಾರ್ ಈ ಸಲ ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ.

ಊಟವಾದ ಮೇಲೆ ಬುಗ್ಗೆಗೆ ಹೋದೆವು. ಕಲ್ಲನ್ನು ಅವನೇ ಅಗೆದು, ಅವನೇ ಹೊತ್ತು, ಹಳೆಯ ಕುಳಿಯ ತನಕ ತಂದ, ಮೇಯರನ ಕಪ್ಪು ಕೋಟಿನಲ್ಲಿ, ಕೆಸರಿನಲ್ಲಿ. ಯಾರೂ ಕೈಕೊಡಲಿಲ್ಲ. ಕುಳಿಯ ಹತ್ತಿರ ಬಾಲ್ತಸಾರ್ ಅವನಿಗೆ ದೂರ ಹೋಗು ಅಂದ, ಯಾಕೆಂದರೆ ಗುರುತು ಇಡುವುದನ್ನು ಹೊರಗಿನವರು ನೋಡಬಾರದು. ಅವನು ಇಳಿದು ನನ್ನ ಹತ್ತಿರ ಬಂದು ನಿಂತ. ನಾನು ಆಗಲೇ ಬೆನ್ನು ತಿರುಗಿಸಿದ್ದೆ. ಅವನೂ ತಿರುಗಿಸಿದ. ಹಾಗೆ ತಾಯಿ ಮಗ ಇಬ್ಬರೂ ಕಣಿವೆಯ ಕಡೆ ಮುಖ ಮಾಡಿ ನಿಂತು ಹಿಂದಿನಿಂದ ಗುದ್ದಲಿಯ ಸದ್ದು ಕೇಳಿದೆವು. ಕೆಳಗೆ ಊರು, ಅದರ ಕೆಳಗೆ ಹಾಮರ್‌ಫೆಲ್ಡಿನ ಹೊಗೆ. ಅವನು ಏನೋ ಹೇಳಲು ಬಾಯಿ ತೆರೆದ, ಆಮೇಲೆ ಮುಚ್ಚಿದ. ಮೂರು ತಿಂಗಳಲ್ಲಿ ಅವನು ಮಾಡಿದ ಮೊದಲ ಒಳ್ಳೆಯ ಕೆಲಸ ಅದು.

ಇದನ್ನೆಲ್ಲ ಓದಿ ಅವನಿಗೆ ಪತ್ರ ಬರೆಯಬೇಡ. ಬೈದು ಬರೆದರೆ ಅವನಿಗೆ ಸಮಾಧಾನವಾಗುತ್ತದೆ, ಸಮಾಧಾನ ಹೇಳಿ ಬರೆದರೆ ನನಗೆ ಕೋಪ ಬರುತ್ತದೆ. ಅವನು ಮನೆಯಲ್ಲೇ ಇದ್ದಾನೆ, ಹಸು ನೋಡುತ್ತಾನೆ, ಸಂಜೆ ಊಟಕ್ಕೆ ಬರುತ್ತಾನೆ. ನಾನು ಬಡಿಸುತ್ತೇನೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ ಹೇಳು, ಮೊಣಕಾಲಿಗೆ ಕುರಿಯುಣ್ಣೆ ಸುತ್ತಲಿ, ಆ ಟ್ಯೂಬಿನ ಮುಲಾಮು ಬೇಡ. ಸಂತ ಕಿಲಿಯಾನ್ ನಿನ್ನನ್ನು ಕಾಯಲಿ, ಅಲ್ಲಿನ ಗಾಳಿಯಿಂದಲೂ ಅಲ್ಲಿನ ಮೀನಿನಿಂದಲೂ.

ನಿನ್ನ ಅಕ್ಕ,
ವಾಲ್‌ಬುರ್ಗಾ

ಮರೆತಿದ್ದೆ: ಸೋಮವಾರವಾಯಿತು, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬುಗ್ಗೆಯಿಂದ ಹಾಮರ್‌ಫೆಲ್ಡಿಗೆ ಕೊಳವೆ ಇಳಿಯಬೇಕಾದರೆ ನಮ್ಮ ಹುಲ್ಲುಗಾವಲಿನ ಮೂಲಕವೇ ಇಳಿಯಬೇಕು, ಎರಡೂ ಕಡೆ ಬರೀ ಬಂಡೆ. ನಕ್ಷೆಯವರು ಅದನ್ನು ನೋಡಿರಲಿಲ್ಲ, ಲೊರೆನ್ಸ್ ಕೂಡ ಬುಗ್ಗೆಯನ್ನಷ್ಟೇ ನೋಡಿದ. ಆ ಹುಲ್ಲುಗಾವಲನ್ನು ಮೊನ್ನೆ ಗುರುವಾರ ನೋಟರಿಯ ಹತ್ತಿರ ಎಲ್ಸನ್‌ರೋಡಿನ ನೀರಿನ ಸಂಘಕ್ಕೆ ಬರೆದುಕೊಟ್ಟೆ, ಪೂರ್ತಿಯಾಗಿ, ಕಲ್ಲಿನ ತನಕ. ಆ ಸಂಘ ಊರಿನ ಮನೆಯವರದು, ಊರು ಸೇರಿಹೋದರೂ ಅದು ಸೇರುವುದಿಲ್ಲ. ಇನ್ನು ಅವರಿಗೆ ನೀರು ಬೇಕಾದರೆ ಇಲ್ಲಿನ ಪ್ರತಿಯೊಂದು ಬಾಗಿಲನ್ನೂ ತಟ್ಟಿ ಕೇಳಲಿ, ಗಾಂಗೋಲ್ಫ್‌ನದನ್ನೂ. ಕಾಗದದಲ್ಲಿ ಅದು ನನ್ನದೇ ಆಗಿತ್ತು, ಆದರೆ ಅಪ್ಪನ ಮನಸ್ಸಿನಲ್ಲಿ ಅರ್ಧ ನಿನ್ನದು. ನಿನ್ನನ್ನು ಕೇಳಲಿಲ್ಲ. ಸಂಘಕ್ಕೆ ಈ ತನಕ ಊರಿನ ಮೇಯರನೇ ಅಧ್ಯಕ್ಷ, ಸ್ವೀಕರಿಸಿದ್ದೇನೆ ಎಂದು ಅವನು ಸಹಿ ಹಾಕಬೇಕಿತ್ತು, ಹಾಕಿದ. ಮೇಯರನಾಗಿ ಅವನ ಕೊನೆಯ ಸಹಿ ಬಹುಶಃ ಅದೇ. ಪೆನ್ನು ನಾನೇ ಕೊಟ್ಟೆ.